ಮೂರು ವಾರಕ್ಕೊಂದು ಸೂಜಿ

ಗುಂಟೂರು
9 ಜುಲೈ 1991

ಪೂಜ್ಯ ಮಾವಯ್ಯನವರ ಪಾದಗಳಿಗೆ,

ಎಡಗೈ ಪ್ಲಾಸ್ಟರಿನಲ್ಲಿದೆ, ಬರೆಯುವ ಕೈ ಉಳಿದಿದೆ. ಗಾಬರಿಯಾಗಬೇಡಿ. ರೇಪಲ್ಲೆಯಲ್ಲಿ ರಂಗದ ಅಂಚಿನಿಂದ ಜಾರಿ ಬಿದ್ದಾಗ ನೀವೇ ಹಾರ್ಮೋನಿಯಂ ಬಿಟ್ಟು ಓಡಿ ಬಂದಿರಲ್ಲ, ಆಗ ಇಷ್ಟೆಲ್ಲ ಆಗುತ್ತದೆ ಎಂದು ಯಾರಿಗೆ ಗೊತ್ತಿತ್ತು. ಮೂಳೆಯ ಡಾಕ್ಟರು ಎಕ್ಸ್‌ರೇ ಹಿಡಿದು, "ಎರಡಡಿ ಎತ್ತರದಿಂದ ಬಿದ್ರೆ ಮಣಿಕಟ್ಟು ಹೀಗೆ ಪುಡಿಯಾಗುತ್ತೇನ್ರಿ? ಎಪ್ಪತ್ತು ವರ್ಷದ ಅಜ್ಜಿಯ ಮೂಳೆ ಇದ್ದಂಗಿದೆ" ಎಂದರು. ಆಮೇಲೆ ನನ್ನ ಮುಖ ನೋಡಿದರು, ವಯಸ್ಸು ಕೇಳಿದರು, ಮೂವತ್ತೊಂದು ಎಂದೆ. ಚೀಟಿ ಬರೆದು ಮಹಡಿಯ ಮೇಲಿನ ಡಾಕ್ಟರಮ್ಮನ ಬಳಿ ಕಳಿಸಿದರು.

ಆಕೆ ಅನಸೂಯಮ್ಮ ಎಂದು. ನಿಮ್ಮ ವಯಸ್ಸಿನವರೇ. "ಗಡ್ಡ ಯಾವಾಗ ಬೋಳಿಸಿದ್ರಿ?" ಎಂದರು. "ಬ್ಲೇಡು ಕೊಂಡಿದ್ದೇ ಇಲ್ಲಮ್ಮ" ಎಂದೆ. ಮೂಗಿನ ಹತ್ತಿರ ಕಾಫಿಪುಡಿ ಹಿಡಿದರು, ಸ್ಪಿರಿಟ್ ಸೀಸೆ ಹಿಡಿದರು. ನನಗೆ ಯಾವ ವಾಸನೆಯೂ ತಿಳಿಯಲಿಲ್ಲ. ಹದಿನೈದು ವರ್ಷ ಆಟದ ದಿನವೆಲ್ಲ ಹೆಣ್ಣುವೇಷಕ್ಕೆ ಎರಡು ಮೊಳ ಮಲ್ಲಿಗೆ ಮುಡಿದಿದ್ದೇನೆ ಮಾವಯ್ಯ. ಮುಂದಿನ ಸಾಲಿನವರು ಕಣ್ಣು ಮುಚ್ಚಿ ಆಹಾ ಎನ್ನುತ್ತಿದ್ದರೆ ಅವರೂ ನಮ್ಮ ಹಾಗೆ ಅಭಿನಯಿಸುತ್ತಿದ್ದಾರೆ ಎಂದುಕೊಂಡಿದ್ದೆ. ಇದನ್ನು ಹೇಳಿದರೆ ಡಾಕ್ಟರಮ್ಮ ನಗಲಿಲ್ಲ.

ಆಕೆ ಹೇಳಿದ್ದು ಇಷ್ಟು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಇದೆಯಂತೆ. ಹುಡುಗ ಹದಿನಾಲ್ಕು ಹದಿನೈದಕ್ಕೆ ಬಂದಾಗ ಇನ್ನು ಗಂಡಸಾಗು ಎಂದು ಮೈಗೆ ಹೇಳುವುದು ಅದರ ಕೆಲಸ. ನನ್ನಲ್ಲಿ ಅದು ಹೇಳಲೇ ಇಲ್ಲ. ಹುಟ್ಟಿನಿಂದ ಬಂದ ಕಾಯಿಲೆ. ವಾಸನೆ ಇಲ್ಲದಿರುವುದೂ ಅದರದ್ದೇ ಜೊತೆ. ಮೂಳೆ ಟೊಳ್ಳಾಗಿರುವುದೂ ಅದರಿಂದಲೇ. ಅದಕ್ಕೆ ಮದ್ದಿದೆ, ಟೆಸ್ಟೊಸ್ಟಿರೋನ್ ಎಂದು ಹೆಸರು. ಮೂರು ವಾರಕ್ಕೊಂದು ಸೂಜಿ, ಬದುಕಿರುವವರೆಗೆ.

ಆಮೇಲೆ ಜ್ವರ ಇದೆಯಾ ಎಂದು ಕೇಳುವ ಹಾಗೆ, "ಬದುಕಬೇಕು ಅನ್ಸುತ್ತಾ?" ಎಂದು ಕೇಳಿದರು. ಮಾವಯ್ಯ, ನಾನು ಅತ್ತುಬಿಟ್ಟೆ. ಎಷ್ಟೋ ವರ್ಷದಿಂದ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಇವತ್ತು ಏಳದೇ ಇದ್ದರೆ ಏನಾಗುತ್ತದೆ ಎಂದೇ ಮೊದಲು ಬರುವುದು. ಮೈಯಲ್ಲಿ ಶಕ್ತಿ ಇಲ್ಲ, ಮನಸ್ಸಿನಲ್ಲಿ ಆಸೆ ಇಲ್ಲ. ಕಾಡುಪಾಲಾದ ರಾಣಿಯಾಗಿ ನಾನು ಅಳುವುದನ್ನು ನೀವು ಅಭಿನಯ ಎಂದು ಹೊಗಳುತ್ತೀರಿ. ಯಾರೂ ಏಕೆ ಎಂದು ಕೇಳದೆ ಅಳಬಹುದಾದ ಜಾಗ ನನಗೆ ಅದೊಂದೇ ಇತ್ತು. ನಿಮಗೆ ಇದನ್ನು ಎಂದೂ ಹೇಳಿರಲಿಲ್ಲ, ಕ್ಷಮಿಸಿ.

ಸೂಜಿ ತೆಗೆದುಕೊಂಡರೆ ಗಡ್ಡ ಮೀಸೆ ಬರುತ್ತದೆ. ದನಿ ಒಡೆಯುತ್ತದೆ. "ಹಾಡೋರಾ? ಹಾಗಾದ್ರೆ ಮನೇಲಿ ಮಾತಾಡ್ಕೊಂಡು ಬನ್ನಿ" ಎಂದರು. ಏಳು ವರ್ಷಕ್ಕೆ ತಂದೆತಾಯಿ ಹೋದಾಗಿನಿಂದ ನೀವೇ ಸಾಕಿದವರು. ನಿಮ್ಮನ್ನು ಕೇಳದೆ ರವಿಕೆಯ ಬಣ್ಣವನ್ನೂ ಆರಿಸಿದವನಲ್ಲ ನಾನು. ಏನು ಮಾಡಲಿ, ಹೇಳಿ.

ನಿಮ್ಮ ಸೋದರಳಿಯ,
ಪೂರ್ಣ

*

ತೆನಾಲಿ
15 ಜುಲೈ 1991

ಚಿರಂಜೀವಿ ಪೂರ್ಣನಿಗೆ,

ಕೈ ಮುರಿದಿದೆ ಎಂದು ಕಳಿಸಿದರೆ ಆ ಗುಂಟೂರಿನವರು ನಿನ್ನ ತಲೆಯನ್ನೂ ಕೆಡಿಸಿದ್ದಾರೆ. ಮೂಳೆ ಕಟ್ಟುವವರು ಮೂಳೆ ಕಟ್ಟಬೇಕು.

ಜೊತೆಯ ಹುಡುಗರ ದನಿಯೆಲ್ಲ ಹರಿದ ಚಾಪೆಯ ಹಾಗೆ ಆದ ವರ್ಷ ನಿನ್ನದು ಒಡೆಯಲಿಲ್ಲ. ಆಗ ಇಡೀ ಊರು ಬಂದು ನಿನಗೆ ಅರಿಸಿನ ಕುಂಕುಮ ಸೀರೆ ಕೊಟ್ಟಿದ್ದು ಮರೆತೆಯಾ? ನಿಮ್ಮತ್ತೆ ಅಮ್ಮನವರ ಗುಡಿಯಲ್ಲಿ ನೂರೊಂದು ತೆಂಗಿನಕಾಯಿ ಒಡೆಸಿದಳು. ಅಮ್ಮನವರು ಕೊಟ್ಟ ವರವನ್ನು ಕಾಯಿಲೆ ಎಂದು ಚೀಟಿ ಬರೆಯಲು ಆ ಹೆಂಗಸಿಗೆ ಎಷ್ಟು ಧೈರ್ಯ. ರೈತರು, ಶಾನುಭೋಗರು, ತಹಸೀಲ್ದಾರರ ಹೆಂಡತಿಯರು ನಿನ್ನ ಕಾಲು ಮುಟ್ಟಿ ಹೋಗಿದ್ದಾರೆ.

ಗಂಡಸರಿಗೆ ನಮ್ಮ ನಾಟ್ಯ ಸಮಾಜದಲ್ಲಿ ಏನು ಬರವೋ? ಭೀಮೇಶ್ವರರಾವು ಇದ್ದಾನೆ, ಪಕ್ಕಾ ಗಂಡಸು. ರಾಜನ ಕಿರೀಟ ಇಟ್ಟುಕೊಂಡೇ ಬೀಡಿ ಸೇದುತ್ತಾನೆ, ಪದ್ಯ ಮರೆತು ನನ್ನ ಹಾರ್ಮೋನಿಯಂ ಕಡೆ ಪಿಳಿಪಿಳಿ ನೋಡುತ್ತಾನೆ. ಮೀಸೆ ಬಂದು ಅವನು ಕಡಿದು ಗುಡ್ಡೆ ಹಾಕಿದ್ದೇನು?

ಬೇಸರ ಎಲ್ಲರಿಗೂ ಇರುತ್ತದೆ. ಸರಿಯಾಗಿ ಊಟ ಮಾಡು. ಅತ್ತೆ ಗೋಂಗೂರ ಉಪ್ಪಿನಕಾಯಿ, ಉದ್ದಿನ ಸುನ್ನಿಯುಂಡೆ ಕಳಿಸಿದ್ದಾಳೆ. ವಿಜಯದಶಮಿಯಿಂದ ಶಿವರಾತ್ರಿಯವರೆಗೆ ನಲವತ್ತು ಊರಿಗೆ ಮಾತು ಕೊಟ್ಟಾಗಿದೆ. ನಿನ್ನ ದನಿಯನ್ನು ನಂಬಿ ಹದಿನಾಲ್ಕು ಮನೆಯ ಒಲೆ ಉರಿಯುತ್ತಿದೆ. ಅದಾದ ಮೇಲೆ ನೋಡೋಣ. ನನ್ನ ಮಾತು ಮೀರಬೇಡ.

ವರಾಲು ಒಂಗೋಲಿನ ಗಂಡನ ಮನೆಯಿಂದ ತವರಿಗೆ ಬಂದಿದ್ದಾಳೆ. ಬಾವನ ಕೈ ಹೇಗಿದೆ ಎಂದು ಎರಡು ಸಲ ಕೇಳಿದಳು. ಎರಡನೆಯ ಬಸಿರು, ಈಗ ಆರು ತಿಂಗಳು.

ಆಶೀರ್ವಾದಗಳೊಂದಿಗೆ,
ನಿನ್ನ ಮಾವಯ್ಯ ರತ್ತಯ್ಯ

*

ಗುಂಟೂರು
2 ಆಗಸ್ಟ್ 1991

ಪೂಜ್ಯ ಮಾವಯ್ಯ,

ಆಗಲಿ. ಶಿವರಾತ್ರಿಯವರೆಗೆ ಆಡುತ್ತೇನೆ.

ಡಾಕ್ಟರಮ್ಮನಿಗೆ ಹೇಳಿದೆ. "ಈಗಾಗ್ಲೇ ಹದಿನೈದು ವರ್ಷ ತಡ. ಇನ್ನೇಳು ತಿಂಗಳು ನಿಮ್ಮ ಮಾವಂಗೋಸ್ಕರಾನಾ?" ಎಂದು ಸಿಟ್ಟಾದರು. ಹೌದಮ್ಮ ಎಂದೆ. ಮತ್ತೊಮ್ಮೆ ಬಿದ್ದರೆ ತಮ್ಮ ಹತ್ತಿರ ಬರಬೇಡಿ ಎಂದು ಬಯ್ದು, ಮೂಳೆಗೆಂದು ಸುಣ್ಣದ ಮಾತ್ರೆ ಕೊಟ್ಟು ಕಳಿಸಿದರು.

ವರಾಲುವಿಗೆ ಕೈ ಕೂಡುತ್ತಿದೆ ಎಂದು ಹೇಳಿ. ಬಸುರಿ ಹೆಂಗಸು ಓಡಾಡಿ ಆಯಾಸ ಮಾಡಿಕೊಳ್ಳಬಾರದು ಎಂದೂ ಹೇಳಿ.

ನಿಮ್ಮ
ಪೂರ್ಣ

*

ಗುಂಟೂರು
9 ಮಾರ್ಚ್ 1992

ಪೂಜ್ಯ ಮಾವಯ್ಯ,

ಶಿವರಾತ್ರಿಯ ಆಟ ಮುಗಿದ ಮೇಲೆ ಮನೆಗೆ ಬಾರದೆ ನೇರ ಇಲ್ಲಿಗೆ ಬಂದೆ. ಬಂದಿದ್ದರೆ ಅತ್ತೆಯ ಮುಖ ನೋಡಿ ಅಲ್ಲೇ ಉಳಿಯುತ್ತಿದ್ದೆ. ಆ ದಿನ ರಾಣಿಯ ಪದ್ಯಕ್ಕೆ ಜನ ಮೂರು ಸಲ ಒನ್ಸ್ ಮೋರ್ ಎಂದರು. ನಾಲ್ಕನೆಯ ಸಲ ನೀವು ನನ್ನನ್ನು ಕೇಳದೆ ಶ್ರುತಿಯನ್ನು ಅರ್ಧ ಸ್ವರ ಏರಿಸಿದಿರಿ. ನಾನೂ ಏರಿ ಹಾಡಿದೆ. ಇದನ್ನು ಬಿಟ್ಟು ಹೇಗೆ ಹೋಗುತ್ತೀಯೋ ಎಂದು ನೀವು ಕೇಳುತ್ತಿದ್ದೀರಿ ಎಂದು ಗೊತ್ತಾಯಿತು. ಅಳು ಬಂತು. ಜನರಿಗೆ ಅದೂ ಹಿಡಿಸಿತು.

ಮೊನ್ನೆ ಶುಕ್ರವಾರ ಮೊದಲ ಸೂಜಿ ಹಾಕಿದರು. ಎಣ್ಣೆಯ ಮದ್ದು, ನಿಧಾನವಾಗಿ ಇಳಿಯುತ್ತದೆ, ನೋವಿದೆ. ಬ್ರಾಡಿಪೇಟೆಯಲ್ಲಿ ದರ್ಜಿ ಮಸ್ತಾನಯ್ಯನವರ ಅಂಗಡಿಯಲ್ಲಿ ಕೆಲಸಕ್ಕೆ ಕೂತಿದ್ದೇನೆ. ನಮ್ಮ ಸಮಾಜದ ರವಿಕೆಗಳನ್ನೆಲ್ಲ ಹೊಲಿದ ಕೈ ಅಲ್ಲವೇ, ಕೆಲಸ ಕಷ್ಟವೇನಿಲ್ಲ. ನನಗೆ ಹೆದರಿಕೆಯಾಗುತ್ತಿದೆ ಮಾವಯ್ಯ. ನಾನು ಯಾರಾಗುತ್ತೇನೋ ಗೊತ್ತಿಲ್ಲ. ಎರಡು ಸಾಲು ಬರೆಯಿರಿ.

ನಿಮ್ಮ
ಪೂರ್ಣ

*

ತೆನಾಲಿ
30 ಏಪ್ರಿಲ್ 1992

ಪೂರ್ಣನಿಗೆ,

ಗುಡಿವಾಡದಿಂದ ಒಬ್ಬ ನಟಿಯನ್ನು ಕರೆಸಿದ್ದೇವೆ. ಶ್ರುತಿ ಸೇರುವುದಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಾಳೆ. ಯುಗಾದಿಯ ಆಟಕ್ಕೆ ಜನ ಅರ್ಧಕ್ಕೇ ಎದ್ದು ಹೋದರು.

ನಿನ್ನ ಸೀರೆಗಳನ್ನು ಅತ್ತೆ ಒಣ ಬೇವಿನೆಲೆ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ವರಾಲುವಿಗೆ ಗಂಡುಮಗು, ಬಾಣಂತನ ಮುಗಿಸಿ ಗಂಡನ ಮನೆಗೆ ಹೋದಳು.

ನಿನ್ನ ಇಷ್ಟ ನಿನ್ನದು.

ರತ್ತಯ್ಯ

*

ಗುಂಟೂರು
17 ಆಗಸ್ಟ್ 1992

ಪೂಜ್ಯ ಮಾವಯ್ಯ,

ಕೋಪ ಇಳಿದಿರಬಹುದು ಎಂದುಕೊಂಡು ಬರೆಯುತ್ತಿದ್ದೇನೆ. ಇಳಿಯದಿದ್ದರೂ ಓದಿ. ಈ ಸುದ್ದಿಯನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ?

ಮೊದಲ ಎರಡು ತಿಂಗಳು ಏನೂ ಅನಿಸಲಿಲ್ಲ. ಸುಮ್ಮನೆ ಚುಚ್ಚಿಸಿಕೊಳ್ಳುತ್ತಿದ್ದೇನೆ ಎಂದುಕೊಂಡೆ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಎದ್ದು ಕೂತಿದ್ದೆ. ಎದ್ದಿದ್ದೇನೆ ಎಂದು ತಿಳಿಯುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಹಸಿವಾಗಿತ್ತು. ಬೀದಿಯ ಮೂಲೆಗೆ ಹೋಗಿ ಎಂಟು ಇಡ್ಲಿ ತಿಂದೆ. ಮಸ್ತಾನಯ್ಯನವರು "ಏನಯ್ಯಾ, ಮಷಿನ್ನಿನ ಸದ್ದಿಗಿಂತ ನಿನ್ನ ಸಿಳ್ಳೆ ಜೋರಾಗಿದೆ" ಎಂದಾಗಲೇ ನಾನು ಸಿಳ್ಳೆ ಹಾಕುತ್ತಿದ್ದದ್ದು ಗೊತ್ತಾಗಿದ್ದು.

ನಾನು ಅಳುಬುರುಕ, ಸೋಮಾರಿ, ನನ್ನ ಸ್ವಭಾವವೇ ಹಾಗೆ ಎಂದು ನಂಬಿದ್ದೆ. ಬಹುಪಾಲು ಅದು ಕಾಯಿಲೆಯಂತೆ. ಎಲ್ಲವೂ ಅಲ್ಲ ಎಂದು ಡಾಕ್ಟರಮ್ಮ ಎಚ್ಚರಿಸುತ್ತಾರೆ. "ಮೈಗೆ ಬೇಕಾದ್ದು ಸೀಸೆಯಿಂದ ಕೊಡ್ತೀನಿ. ಬದುಕಲ್ಲಿ ಆದದ್ದಕ್ಕೆ ನನ್ನ ಹತ್ರ ಮದ್ದಿಲ್ಲ" ಎನ್ನುತ್ತಾರೆ. ಸಿಟ್ಟೂ ಬರುತ್ತದೆ ಈಗ. ಗುಂಡಿ ಕಿತ್ತು ಬಂತು ಎಂದು ಜಗಳಕ್ಕೆ ಬಂದವನ ಮುಂದೆ ಮೇಜು ಗುದ್ದಿದೆ, ಆಮೇಲೆ ನಾನೇ ಹೆದರಿದೆ. ಬಸ್ಸಿನಲ್ಲಿ ಹೆಂಗಸರು ಪಕ್ಕದಲ್ಲಿ ಕೂತರೆ ಹದಿನೈದರ ಹುಡುಗನ ಹಾಗೆ ಕಿವಿ ಬಿಸಿಯಾಗುತ್ತದೆ. ಮೂವತ್ತೆರಡಕ್ಕೆ ಇದೆಲ್ಲ ನಾಚಿಕೆ. ಯಾರಿಗೂ ಹೇಳಬೇಡಿ.

ಹೋದ ಭಾನುವಾರ ಮೊದಲ ಸಲ ಕ್ಷೌರದಂಗಡಿಗೆ ಹೋದೆ. "ಮೀಸೆ ಬಿಡ್ಲಾ, ತೆಗೀಲಾ?" ಎಂದ. ಅವನಿಗೇನು ಗೊತ್ತು, ದಿನಕ್ಕೆ ಐವತ್ತು ಜನರಿಗೆ ಕೇಳುವ ಮಾತು. ಕನ್ನಡಿಯನ್ನು ಇನ್ನೊಮ್ಮೆ ನೋಡಿಕೊಂಡೆ. ಬಿಡಪ್ಪ ಎಂದೆ.

ದನಿ ಒಡೆದಿದೆ. ಜೂನಿನಲ್ಲಿ ಒಂದು ಮಾತಿನಲ್ಲಿ ಎರಡು ದನಿ ಬರುತ್ತಿತ್ತು, ಈಗ ಕೆಳಗೆ ಕೂತಿದೆ. ಯಾರೂ ಇಲ್ಲದಾಗ ರಾಣಿಯ ಪದ್ಯ ಎತ್ತಿಕೊಂಡೆ. ಮೇಲಿನ ಸ್ವರಕ್ಕೆ ಹೋದರೆ ಬರೀ ಗಾಳಿ ಬಂತು. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆದರೆ ಅತ್ತ ಮೇಲೆ ಮುಗಿಯಿತು ಮಾವಯ್ಯ. ಮೊದಲೆಲ್ಲ ಮುಗಿಯುತ್ತಿರಲಿಲ್ಲ.

ಹದಿನಾರರಲ್ಲೇ ಮದ್ದು ಸಿಕ್ಕಿದ್ದರೆ ಮೂಳೆಯೂ ಪೂರ್ತಿ ಗಟ್ಟಿಯಾಗುತ್ತಿತ್ತು ಎಂದು ಡಾಕ್ಟರಮ್ಮ ಹೇಳಿದರು. ಬೇರೆ ಬಗೆಯ ಸೂಜಿ ಕೊಟ್ಟು ಮಕ್ಕಳಾಗಲೂ ಪ್ರಯತ್ನಿಸಬಹುದಿತ್ತಂತೆ. ಆ ಕಾಲದಲ್ಲಿ ನಮ್ಮ ತೆನಾಲಿಯಲ್ಲಿ ಇದೆಲ್ಲ ಯಾರಿಗೆ ಗೊತ್ತಿತ್ತು. ಯಾರ ತಪ್ಪೂ ಅಲ್ಲ. ವರಾಲು ಹುಟ್ಟಿದ ದಿನ ನಮ್ಮಮ್ಮ ಅವಳ ತೊಟ್ಟಿಲಿಗೆ ಅರಿಸಿನದ ದಾರ ಕಟ್ಟಿ ಇವಳು ನನ್ನ ಸೊಸೆ ಎಂದದ್ದು, ಸೋದರಮಾವನ ಮಗಳು ಎಂದ ಮೇಲೆ ನನ್ನವಳೇ ಎಂದು ಊರೆಲ್ಲ ರೇಗಿಸುತ್ತಿದ್ದದ್ದು, ಎಲ್ಲ ಈಗ ನೆನಪಾಗುತ್ತದೆ. ಮೊದಲು ನೆನಪಾದರೂ ಏನೂ ಅನಿಸುತ್ತಿರಲಿಲ್ಲ. ಅವಳ ಮದುವೆಗೆ ರವಿಕೆ ನಾನೇ ಹೊಲಿದೆ. ಈಗ ಅದನ್ನು ನೆನೆದರೆ ಎದೆ ಹಿಡಿದ ಹಾಗೆ ಆಗುತ್ತದೆ. ಇರಲಿ ಬಿಡಿ, ನಮ್ಮ ಹಣೆಬರಹ.

ದೀಪಾವಳಿಗೆ ಬರುತ್ತೇನೆ. ನನ್ನ ಮೀಸೆ ನೋಡಿ ನೀವು ನಗಬೇಕು.

ನಿಮ್ಮ
ಪೂರ್ಣ

*

ತೆನಾಲಿ
11 ಸೆಪ್ಟೆಂಬರ್ 1992

ಪೂರ್ಣ,

ನಿನ್ನ ಪತ್ರವನ್ನು ಹನ್ನೆರಡು ಸಲ ಓದಿದೆ. ಕಣ್ಣಿಗೆ ಪೊರೆ ಬಂದಿದೆ, ಭೂತಗನ್ನಡಿ ಹಿಡಿದು ಓದುತ್ತೇನೆ, ಬರೆಯುತ್ತೇನೆ. ಎದುರಿಗೆ ಬಂದವರ ಮುಖ ಕಾಣಿಸುವುದಿಲ್ಲ, ದನಿಯಿಂದಲೇ ಗುರುತು ಹಿಡಿಯುತ್ತೇನೆ. ನಮ್ಮ ನಾಟ್ಯ ಸಮಾಜ ಮುಚ್ಚಿದೆ. ಅತ್ತೆ ಒಂಗೋಲಿಗೆ ಹೋಗಿದ್ದಾಳೆ. ಅವಳಿಲ್ಲದಾಗಲೇ ಇದನ್ನು ಬರೆದು ಮುಗಿಸಬೇಕು.

ಯಾರ ತಪ್ಪೂ ಅಲ್ಲ ಎಂದು ಬರೆದಿದ್ದೀಯ. ನನ್ನ ತಪ್ಪು.

ನಿನಗೆ ಹದಿನಾರಾಗಿದ್ದಾಗ ಕಾಮಾಲೆ ಪರೀಕ್ಷೆ ಎಂದು ಹೇಳಿ ನಿನ್ನನ್ನು ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಹಿಂದಿರುಗುವಾಗ ನಿನಗೆ ಗೋಲಿ ಸೋಡಾ ಕೊಡಿಸಿದೆ. ಅದು ಕಾಮಾಲೆಗಲ್ಲ. ಮದರಾಸಿನಲ್ಲಿ ಓದಿ ಬಂದ ಡಾಕ್ಟರು ಆತ. ನಿನ್ನನ್ನು ಹೊರಗೆ ಕೂರಿಸಿ, ನಿಮ್ಮ ಅನಸೂಯಮ್ಮ ಹೇಳಿದ್ದನ್ನೇ ನನಗೆ ಹೇಳಿದರು. ಅದೇ ಮದ್ದು, ಮೂರು ವಾರಕ್ಕೊಂದು ಸೂಜಿ. ತಡ ಮಾಡಬೇಡಿ ಎಂದರು. ನಾನು ಆರು ಸೀಸೆ ಕೊಂಡು ತಂದೆ. ಕೊಡಿಸಬಾರದು ಎಂದಿದ್ದರೆ ಕೊಳ್ಳುತ್ತಿದ್ದೆನೇ? ಕೊಡಿಸಬೇಕು ಎಂದೇ ಇತ್ತು.

ಆ ವಾರ ಪೊನ್ನೂರಿನಲ್ಲಿ ಆಟ. ನೀನು ಮೊದಲ ಸಲ ರಾಣಿಯ ಪಾತ್ರ ಮಾಡಿದೆ. ಮೂವತ್ತು ವರ್ಷ ಹಾರ್ಮೋನಿಯಂ ಒತ್ತಿದ್ದೇನೆ, ಅಂಥ ದನಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಒಂದು ವರ್ಷ ಹೋಗಲಿ, ಆಮೇಲೆ ಕೊಡಿಸುತ್ತೇನೆ ಎಂದುಕೊಂಡೆ. ವರ್ಷವಾಯಿತು. ಇನ್ನೊಂದು ವರ್ಷ ಎಂದುಕೊಂಡೆ. ಜನ ಬಂದು ಅಮ್ಮನವರ ವರ ಎಂದರು. ನಾನೂ ಅದನ್ನೇ ಹೇಳಿದೆ. ಹೇಳುತ್ತಾ ಹೇಳುತ್ತಾ ನಂಬಿದೆ. ಸೀಸೆಗಳನ್ನು ಕಾಲುವೆಗೆ ಹಾಕಿದೆ.

ವರಾಲು ದೊಡ್ಡವಳಾದಳು. ಹಿರಿಯರು ಬಂದು, "ರತ್ತಯ್ಯಾ, ಅಕ್ಕನಿಗೆ ಕೊಟ್ಟ ಮಾತು ಯಾವಾಗ ನಡೆಸ್ತೀಯ?" ಎಂದರು. ಅವನು ಸಂಸಾರಕ್ಕೆ ಆಗುವವನಲ್ಲ ಎಂದು ನನ್ನ ಬಾಯಿಂದಲೇ ಹೇಳಿದೆ. ಎಂಟು ವರ್ಷದ ಹಿಂದಿನ ಮಾತು. ಆಗಲೂ ಮದ್ದು ಇತ್ತು. ಒಂಗೋಲಿನ ಸಂಬಂಧ ಗೊತ್ತಾದ ದಿನ ವರಾಲು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಬಾವಂಗೆ ಎಲ್ಲೂ ಮದ್ದಿಲ್ವಾ?" ಎಂದು ಕೇಳಿದಳು. ಇಲ್ಲಮ್ಮಾ ಎಂದೆ.

ನೀನು ಬೆಳಿಗ್ಗೆ ಎದ್ದು ಎಂಟು ಇಡ್ಲಿ ತಿಂದದ್ದನ್ನು ಓದಿ ನನಗೆ ಊಟ ಸೇರಲಿಲ್ಲ. ನಿನಗೆ ಬದುಕುವ ಆಸೆಯೇ ಇರಲಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನು ನಾನು ಕಂಡಿರಲಿಲ್ಲ ಎಂದು ಹೇಳಲಾರೆ. ಬಣ್ಣ ತೆಗೆದ ಮೇಲೆ ನೀನು ಗೋಡೆ ನೋಡುತ್ತಾ ಕೂರುತ್ತಿದ್ದೆ. ಕಂಡಿದ್ದೆ.

ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಬಯ್ಯಿ. ನಿನ್ನ ಹೊಸ ದನಿಯಲ್ಲಿ ಬಂದು ಬಯ್ಯಿ, ಕೇಳಿಸಿಕೊಳ್ಳುತ್ತೇನೆ.

ರತ್ತಯ್ಯ

*

ತೆನಾಲಿ
24 ನವೆಂಬರ್ 1992

ಪೂರ್ಣ,

ದೀಪಾವಳಿಗೆ ನೀನು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು, ಆದರೂ ಅತ್ತೆಯ ಕೈಲಿ ಹೂರಣದ ಪೂರ್ಣಾಲು ಮಾಡಿಸಿದೆ, ನಿನಗೆ ಇಷ್ಟ ಎಂದು. ಅವಳು ಕೇಳುತ್ತಿದ್ದಾಳೆ, ಹುಡುಗ ಏಕೆ ಪತ್ರ ಬರೆಯುತ್ತಿಲ್ಲ ಎಂದು. ಅವಳಿಗೆ ನಾನಿನ್ನೂ ಹೇಳಿಲ್ಲ.

ದಿನವೂ ಹನ್ನೊಂದು ಗಂಟೆಗೆ ಟಪಾಲಿನವನು ನಮ್ಮ ಬೀದಿಗೆ ಬರುತ್ತಾನೆ. ಜಗಲಿಯಲ್ಲೇ ಕೂತಿರುತ್ತೇನೆ. ಒಂದು ಕಾರ್ಡು ಹಾಕು. ಥೂ ಎಂದು ಬರೆದರೂ ಸಾಕು.

ಮಾವಯ್ಯ

*

ಗುಂಟೂರು
22 ಜನವರಿ 1993

ರತ್ತಯ್ಯನವರಿಗೆ,

ನಿಮ್ಮ ಎರಡು ಪತ್ರಗಳೂ ತಲುಪಿವೆ. ನಾಲ್ಕು ತಿಂಗಳು ಬರೆಯಲಾಗಲಿಲ್ಲ. ಬರೆಯಲು ಕೂತು ಎಷ್ಟೋ ಕಾಗದ ಹರಿದೆ. ಎರಡು ಸಲ ಸೂಜಿಗೂ ಹೋಗಲಿಲ್ಲ. ಹಳೆಯ ಸುಸ್ತು ಮರಳಿ ಬಂದು ಹಾಸಿಗೆ ಹಿಡಿದೆ. ಮಸ್ತಾನಯ್ಯನವರೇ ರಿಕ್ಷಾದಲ್ಲಿ ಕೂರಿಸಿ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದರು. ಆಕೆಗೆ ನಿಮ್ಮ ಪತ್ರ ತೋರಿಸಿದೆ. ಓದಿ ಕನ್ನಡಕ ತೆಗೆದಿಟ್ಟರು. "ಅವರ ಮೇಲಿನ ಸಿಟ್ಟನ್ನ ನಿಮ್ಮ ಮೈ ಮೇಲೆ ತೀರಿಸ್ಕೋಬೇಡಿ" ಎಂದರು. ಈಗ ತಪ್ಪಿಸುತ್ತಿಲ್ಲ. ಮೈ ಚೆನ್ನಾಗಿದೆ. ಬದುಕಬೇಕು ಎಂದು ಬಲವಾಗಿ ಅನಿಸುತ್ತದೆ. ಅನಿಸುವುದರಿಂದಲೇ, ಹೋದ ಹದಿನೈದು ವರ್ಷ ಈಗ ಹೆಚ್ಚು ಉರಿಯುತ್ತದೆ.

ವರಾಲುವಿಗೆ ನಾನು ಏನೂ ಬರೆದಿಲ್ಲ. ಬರೆಯುವುದಿಲ್ಲ. ಅವಳ ಮನೆ ತಣ್ಣಗಿರಲಿ. ನೀವೂ ಅವಳಿಗೆ ಹೇಳಬೇಡಿ. ಹೇಳಿ ಹಗುರವಾಗುವುದು ನೀವು, ಹೊರುವುದು ಅವಳು.

ಇನ್ನೊಂದು ವಿಷಯ. ಸೋಮವಾರ ನಾನು ತೆನಾಲಿಗೆ ಬಂದಿದ್ದೆ.

ನಿಮ್ಮ ಕಾಲು ಮುಟ್ಟಬೇಕೋ ಕುತ್ತಿಗೆ ಹಿಡಿಯಬೇಕೋ ಬಸ್ಸಿನಲ್ಲಿ ಕೂತಿದ್ದಷ್ಟು ಹೊತ್ತೂ ತೀರ್ಮಾನವಾಗಲಿಲ್ಲ. ನೀವು ಜಗಲಿಯಲ್ಲಿ ಕೂತಿದ್ದಿರಿ. ಬಹಳ ಇಳಿದುಹೋಗಿದ್ದೀರಿ. ಮೆಟ್ಟಿಲ ಹತ್ತಿರ ನಿಂತೆ. ನನ್ನ ಕಡೆ ಮುಖ ಎತ್ತಿ, "ಯಾರಪ್ಪಾ? ಟಪಾಲಿನೋನಾ?" ಎಂದಿರಿ. ಅಲ್ಲ ಎಂದೆ. "ಯಾರು ಬೇಕಿತ್ತು?" ಎಂದಿರಿ.

ಕಣ್ಣಿಗೆ ಪೊರೆ, ಮುಖ ಕಾಣುವುದಿಲ್ಲ ಎಂದು ನೀವೇ ಬರೆದಿದ್ದಿರಿ. ದನಿ ಕೇಳಿದರೆ ಗೊತ್ತಾದೀತು ಎಂದುಕೊಂಡು, "ಬಿಸಿಲಲ್ಲಿ ನಡೆದು ಬಂದೆ, ಸ್ವಲ್ಪ ನೀರು ಕೊಡ್ತೀರಾ?" ಎಂದೆ. ಗೋಡೆ ಹಿಡಿದು ಒಳಗೆ ಹೋಗಿ ಚೊಂಬು ತಂದುಕೊಟ್ಟಿರಿ. ಕುಡಿಯುತ್ತಾ ನಿಂತೆ. ನೀವು ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಿರಿ. ಆಮೇಲೆ, "ದನಿ ಚೆನ್ನಾಗಿದೆ ನಿಂದು. ಕೆಳಗಿನ ಸ್ಥಾಯಿ ಗಟ್ಟಿಯಾಗಿದೆ. ಪದ್ಯ ಹಾಡ್ತೀಯಾ?" ಎಂದಿರಿ.

"ಇಲ್ಲ, ಹೊಲಿಗೆ ಕೆಲಸ" ಎಂದೆ.

"ನನ್ನ ಅಳಿಯನೂ ಹೊಲೀತಾನೆ, ಗುಂಟೂರಲ್ಲಿ. ಅವನು ಹಾಡಿದ್ರೆ ನೀನು ಕೇಳಬೇಕಿತ್ತಪ್ಪ. ಹಬ್ಬಕ್ಕೆ ಬರ್ತಾನೆ ಅಂತ ನೋಡ್ದೆ. ಬರಲಿಲ್ಲ."

ಏಕೆ ಬರಲಿಲ್ಲ ಎಂದು ಕೇಳಿದೆ. ನಾನೇ ಕೇಳಿದೆ. ಒಂದು ಮಾತು ನಿಮ್ಮ ಬಾಯಿಂದ, ಎದುರಿನಲ್ಲಿ, ಬರಲಿ ಎಂದು.

"ಅವಂಗೆ ಸ್ವಲ್ಪ ಮುನಿಸು" ಎಂದಿರಿ. "ಮಗುವಿನಂಥ ಮನಸ್ಸು ಅವಂದು. ಕೋಪ ಹೆಚ್ಚು ದಿನ ಇರಲ್ಲ."

ಚೊಂಬು ಜಗಲಿಯ ಮೇಲಿಟ್ಟೆ. ನಿಮ್ಮ ಕೈಗೆ ಕೊಟ್ಟಿದ್ದರೆ ಬೆರಳು ತಾಗುತ್ತಿತ್ತು. ಹೋಗಿಬರುತ್ತೇನೆ ಎಂದೆ. ಟಪಾಲಿನವನು ಕಂಡರೆ ಬೇಗ ಬರಲು ಹೇಳು ಎಂದಿರಿ. ಬೀದಿಯ ತಿರುವಿನಲ್ಲಿ ಅವನು ಸಿಕ್ಕಿದ, ಹೇಳಿದೆ. ನಿಮಗೇನೂ ಕಾಗದ ಇಲ್ಲ ಎಂದ.

ಏಳನೇ ವರ್ಷದಿಂದ ನನಗೆ ಅನ್ನ ಹಾಕಿದವರು ನೀವು. ಅದನ್ನು ಮರೆತಿಲ್ಲ. ಆದರೆ ನೀವು ಕಾಯುತ್ತಿರುವುದು ಆ ಹಾಡುವವನಿಗೆ. ನಾನು ಎದುರಿಗೇ ನಿಂತು ನೀರು ಕುಡಿದೆ, ನೀವು ಅವನನ್ನೇ ಹೊಗಳಿದಿರಿ. ಅವನು ಇನ್ನು ಇಲ್ಲ. ನಿಮ್ಮನ್ನು ಬಯ್ಯಬೇಕಾದವನೂ ಕ್ಷಮಿಸಬೇಕಾದವನೂ ಅವನೇ ಆಗಿದ್ದ.

ಜಗಲಿಯಲ್ಲಿ ಗಾಳಿ ಹೆಚ್ಚು. ಇನ್ನು ಹನ್ನೊಂದು ಗಂಟೆಗೆ ಅಲ್ಲಿ ಕೂರಬೇಡಿ.

ಇಂತಿ,
ಪೂರ್ಣಚಂದ್ರರಾವು
ದರ್ಜಿ, ಬ್ರಾಡಿಪೇಟೆ